ಕೈಯಲ್ಲೇ ಮೊಬೈಲ್ ಇರುವಾಗ ವಿದ್ಯಾರ್ಥಿಗೆ ಕಂಪ್ಯೂಟರ್, ಪ್ರಿಂಟರ್ ಯಾಕೆ?

ಪರೀಕ್ಷಾ ಅರ್ಜಿ ತುಂಬುವ ಕೊನೆಯ ದಿನ ಹತ್ತಿರ ಬಂದಾಗ ಬಳ್ಳಾರಿಯ ಕೌಲ್ ಬಜಾರ್, ಕಂಟೋನ್ಮೆಂಟ್ ಕಡೆ ಸಂಜೆ ಒಂದು ಸುತ್ತು ಹಾಕಿ ನೋಡಿ. ಜೆರಾಕ್ಸ್ ಅಂಗಡಿ ಇರುವಲ್ಲೆಲ್ಲ ಬೆನ್ನಿಗೆ ಬ್ಯಾಗು ಹಾಕಿಕೊಂಡ ಹುಡುಗ ಹುಡುಗಿಯರ ಗುಂಪು ಕಾಣುತ್ತದೆ. ಎಲ್ಲರ ಕೈಯಲ್ಲೂ ಮೊಬೈಲ್ ಇರುತ್ತದೆ. ಆದರೂ ಎಲ್ಲರೂ ಕಾಯುತ್ತಿರುವುದು ಒಳಗಿರುವ ಒಂದೋ ಎರಡೋ ಕಂಪ್ಯೂಟರಿಗೆ. "ಅಣ್ಣಾ, ಬಸ್ಸಿಗೆ ಟೈಮಾತು, ನಂದೊಂದು ಮೊದ್ಲು ಹಾಕಿ ಕೊಡ್ರಿ" ಎಂಬ ಮಾತು ಅಲ್ಲಿ ದಿನಕ್ಕೆ ಎಷ್ಟು ಸಲ ಕೇಳಿಸುತ್ತದೋ ಲೆಕ್ಕವಿಲ್ಲ.

ಈ ಭಾಗದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ 2010ರಲ್ಲಿ ಶುರುವಾಯಿತು. ಅದಕ್ಕೂ ಮೊದಲು ಇಲ್ಲಿದ್ದದ್ದು ಗುಲ್ಬರ್ಗ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ. 1961ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜು ಇರುವುದೂ ಕಂಟೋನ್ಮೆಂಟ್ ಕಡೆಯೇ. ಹೀಗೆ ಓದುವವರು ಸೇರುವ ಜಾಗವಾದ್ದರಿಂದ ಸುತ್ತ ಜೆರಾಕ್ಸ್, ಡಿಟಿಪಿ, ಬೈಂಡಿಂಗ್ ಅಂಗಡಿಗಳು ಬೆಳೆದಿರುವುದು ಸಹಜ. ಹೀಗಿದ್ದೂ "ಈಗೆಲ್ಲಾ ಮೊಬೈಲ್‌ನಲ್ಲೇ ಆಗುತ್ತಲ್ಲಾ, ಕಂಪ್ಯೂಟರ್ ಲ್ಯಾಬ್, ಪ್ರಿಂಟರ್ ಅಂತ ಯಾಕೆ ದುಡ್ಡು ಹಾಕಬೇಕು?" ಎಂಬ ಪ್ರಶ್ನೆಯನ್ನು ನಾವು ಪೋಷಕರಿಂದಲೂ ಕೇಳಿದ್ದೇವೆ, ಪಾಠ ಮಾಡುವವರಿಂದಲೂ ಕೇಳಿದ್ದೇವೆ. ಈ ಮಾತಿನಲ್ಲಿ ಎಷ್ಟು ನಿಜವಿದೆ ಎಂದು ನೋಡೋಣ.

ಮೊಬೈಲ್‌ನಲ್ಲಿ ಏನಾಗುತ್ತದೆ, ಏನಾಗುವುದಿಲ್ಲ?

ಬಹಳಷ್ಟು ಕೆಲಸ ಮೊಬೈಲ್‌ನಲ್ಲಿ ಆಗುತ್ತದೆ ಎನ್ನುವುದು ನಿಜ. ಕರ್ನಾಟಕದ ಹಲವು ಸರ್ಕಾರಿ ವಿಶ್ವವಿದ್ಯಾಲಯಗಳ ಪ್ರವೇಶ, ಪರೀಕ್ಷಾ ಅರ್ಜಿ, ಫಲಿತಾಂಶದಂಥ ಕೆಲಸಗಳು ಯುಯುಸಿಎಂಎಸ್ ಎಂಬ ಒಂದೇ ಜಾಲತಾಣದ ಮೂಲಕ ನಡೆಯುತ್ತವೆ. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್ ಇದೆ. ಎರಡನ್ನೂ ಫೋನಿನ ಬ್ರೌಸರಿನಲ್ಲಿ ತೆರೆಯಬಹುದು.

ಮೊಬೈಲ್‌ನಲ್ಲಿ ಟೈಪ್ ಮಾಡುವುದು ತೀರಾ ನಿಧಾನ ಎಂಬ ಮಾತೂ ಪೂರ್ತಿ ಸರಿಯಲ್ಲ. ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಂಶೋಧಕರು ಸಂಗಡಿಗರೊಂದಿಗೆ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 37,000ಕ್ಕೂ ಹೆಚ್ಚು ಜನ ಭಾಗವಹಿಸಿದ್ದರು. ಮೊಬೈಲ್‌ನಲ್ಲಿ ಅವರ ಸರಾಸರಿ ವೇಗ ನಿಮಿಷಕ್ಕೆ ಸುಮಾರು 36 ಇಂಗ್ಲಿಷ್ ಪದ. ಅದಕ್ಕೂ ಹಿಂದಿನ ವರ್ಷ ಕಂಪ್ಯೂಟರ್ ಕೀಲಿಮಣೆಯ ಮೇಲೆ ನಡೆದ ಅಂಥದ್ದೇ ದೊಡ್ಡ ಅಧ್ಯಯನದಲ್ಲಿ ಸರಾಸರಿ ಸುಮಾರು 52 ಪದ ಬಂದಿತ್ತು. ವ್ಯತ್ಯಾಸ ಇದೆ, ಆದರೆ ನಾವಂದುಕೊಂಡಷ್ಟು ಇಲ್ಲ.

ತೊಂದರೆ ಇರುವುದು ವೇಗದಲ್ಲಲ್ಲ, ಜಾಗದಲ್ಲಿ. ಕಿರುಪ್ರಬಂಧ ಬರೆಯುವಾಗ ಒಂದು ಕಡೆ ಆಕರ ಲೇಖನ ತೆರೆದಿರಬೇಕು, ಇನ್ನೊಂದು ಕಡೆ ನಮ್ಮ ಟಿಪ್ಪಣಿ ಇರಬೇಕು, ಮತ್ತೊಂದು ಕಡೆ ಬರೆಯುತ್ತಿರುವ ಪುಟ ಕಾಣಬೇಕು. ಕೋಷ್ಟಕಕ್ಕೆ ಒಂದು ಕಾಲಂ ಸೇರಿಸಿದರೆ ಇಡೀ ಪುಟ ಹೇಗಾಯಿತು ಎಂದು ತಿಳಿಯಬೇಕು. ಆರು ಇಂಚಿನ ಪರದೆಯ ಮೇಲೆ ಇವೆಲ್ಲ ಒಟ್ಟಿಗೆ ಕಾಣುವುದಿಲ್ಲ. ಒಂದನ್ನು ನೋಡಲು ಇನ್ನೊಂದನ್ನು ಮುಚ್ಚಬೇಕು, ಮುಚ್ಚಿದ್ದನ್ನು ತಲೆಯಲ್ಲಿ ಇಟ್ಟುಕೊಳ್ಳಬೇಕು. ಹಾಗೆ ತಲೆಯಲ್ಲಿ ಇಟ್ಟುಕೊಳ್ಳುವುದೇ ಒಂದು ಕೆಲಸವಾದಾಗ ಬರೆಯುವ ಕೆಲಸ ಹಿಂದೆ ಬೀಳುತ್ತದೆ. ನೂರು ಪ್ರಶ್ನಾವಳಿಗಳ ಉತ್ತರವನ್ನು ಎಕ್ಸೆಲ್‌ಗೆ ಹಾಕಿ ಲೆಕ್ಕ ತೆಗೆಯುವ ಕೆಲಸವನ್ನಂತೂ ಫೋನಿನಲ್ಲಿ ಮಾಡಿ ನೋಡಿದವರಿಗೇ ಗೊತ್ತು.

ಹಾಗಾದರೆ ಮನೆಯಲ್ಲಿ ಕಂಪ್ಯೂಟರ್ ಎಷ್ಟು ಜನರಿಗಿದೆ? ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತಿನ (2017-18) ಪ್ರಕಾರ ದೇಶದ ನಗರಗಳಲ್ಲಿ ಶೇ 23.4ರಷ್ಟು ಮನೆಗಳಲ್ಲಿ ಕಂಪ್ಯೂಟರ್ ಇತ್ತು. ಹಳ್ಳಿಗಳಲ್ಲಿ ಇದ್ದದ್ದು ಶೇ 4.4ರಷ್ಟು ಮನೆಗಳಲ್ಲಿ ಮಾತ್ರ. ಆಮೇಲೆ ಕೊರೊನಾ ಬಂತು. ರಾಜ್ಯ ಸರ್ಕಾರ ಸರ್ಕಾರಿ ಪದವಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಮೊದಲು ಲ್ಯಾಪ್‌ಟಾಪ್, 2021ರಲ್ಲಿ ಟ್ಯಾಬ್ಲೆಟ್ ಹಂಚಿತು. ಅಂಕಿಗಳು ಈಗ ಒಂದಿಷ್ಟು ಮೇಲೆ ಹೋಗಿರಬಹುದು. ಆದರೆ ಟ್ಯಾಬ್ಲೆಟ್ ಎಂದರೆ ದೊಡ್ಡ ಮೊಬೈಲ್ ಎನ್ನುವುದನ್ನು ಮರೆಯಬಾರದು. ಪಾಠ ಕೇಳಲು ಅದು ಬಹಳ ಚೆನ್ನಾಗಿದೆ, ಎಂಬತ್ತು ಪುಟದ ಪ್ರಬಂಧ ಸಿದ್ಧಪಡಿಸಲು ಅಲ್ಲ.

ಕನ್ನಡದಲ್ಲಿ ಬರೆಯುವವರ ಹೆಚ್ಚುವರಿ ಸಂಕಟ

ಇಂಗ್ಲಿಷಿನಲ್ಲಿ ಪ್ರಬಂಧ ಬರೆಯುವವರಿಗೆ ಇಲ್ಲದ ಒಂದು ತೊಂದರೆ ಕನ್ನಡದಲ್ಲಿ ಬರೆಯುವವರಿಗಿದೆ. ಅದು ನಮಗೇ ಆದದ್ದು. ಸ್ನಾತಕೋತ್ತರ ಓದುವಾಗ ನಾವು ಕಿರುಪ್ರಬಂಧವನ್ನು ನುಡಿಯಲ್ಲಿ ಟೈಪ್ ಮಾಡಿ, ಪೆನ್‌ಡ್ರೈವ್‌ಗೆ ಹಾಕಿಕೊಂಡು, ಸಲ್ಲಿಸುವ ಹಿಂದಿನ ದಿನ ಒಂದು ಅಂಗಡಿಗೆ ಹೋದೆವು. ಕಡತ ತೆರೆಯಿತು, ಕನ್ನಡವೂ ಕಂಡಿತು. ನಾಲ್ಕು ಪ್ರತಿ ತೆಗೆಸಿ, ಬೈಂಡಿಂಗ್‌ಗೆ ಕೊಡುವ ಮೊದಲು ಸುಮ್ಮನೆ ಒಂದು ಪುಟ ತಿರುವಿದರೆ ಅಧ್ಯಾಯದ ತಲೆಬರಹಗಳೆಲ್ಲ ಗೀಚು ಗೀಚು! ನಾವು ತಲೆಬರಹಕ್ಕೆ ಬಳಸಿದ್ದ ಫಾಂಟ್ ಆ ಕಂಪ್ಯೂಟರಿನಲ್ಲಿ ಇರಲಿಲ್ಲ. ತಪ್ಪು ಅಂಗಡಿಯವರದ್ದಲ್ಲ, ನೋಡದೇ ಪ್ರಿಂಟ್ ಕೊಡಿಸಿದ ನಮ್ಮದು. ಹಾಳಾದ ಪುಟಗಳಿಗೆ ಇನ್ನೊಮ್ಮೆ ದುಡ್ಡು ಕೊಟ್ಟೆವು.

ಹೀಗೇಕಾಗುತ್ತದೆ? ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಹಳೆಯ ಮಾದರಿಯ ನುಡಿ, ಬರಹ ಫಾಂಟುಗಳಲ್ಲಿ ನಾವು ಕನ್ನಡ ಟೈಪ್ ಮಾಡಿದರೂ ಕಡತದೊಳಗೆ ಉಳಿಯುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಖ್ಯೆಗಳೇ. ಫಾಂಟ್ ಆ ಸಂಖ್ಯೆಗಳ ಮೇಲೆ ಕನ್ನಡದ ಆಕಾರವನ್ನು ಹೊದಿಸುತ್ತದೆ. ಫಾಂಟ್ ಇಲ್ಲದಿದ್ದರೆ ಹೊದಿಕೆ ಕಳಚುತ್ತದೆ. ಆಗ 'ಕನ್ನಡ' ಎಂಬ ಪದ ದೊಡ್ಡ ಪಿ, ತಲೆಯ ಮೇಲೆ ಗೀಟು ಹೊತ್ತ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಒಂದು ಜರ್ಮನ್ ಅಕ್ಷರ ಹೀಗೆ ಏನೇನೋ ಆಗಿ ಕಾಣುತ್ತದೆ. ಸರ್ಕಾರಿ ಸುತ್ತೋಲೆಗಳು ಇಮೇಲ್‌ನಲ್ಲಿ ಬಂದಾಗ ನೀವೂ ಇದನ್ನು ನೋಡಿರುತ್ತೀರಿ.

ಯೂನಿಕೋಡ್‌ನಲ್ಲಿ ಹಾಗಲ್ಲ. ಅಲ್ಲಿ 'ಕ' ಅಕ್ಷರಕ್ಕೆ 3221 ಎಂಬ ತನ್ನದೇ ಸಂಖ್ಯೆಯಿದೆ, ಪ್ರಪಂಚದ ಯಾವ ಯಂತ್ರದಲ್ಲಿ ತೆರೆದರೂ ಅದು 'ಕ'ವೇ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಜೊತೆಗೆ ತುಂಗಾ ಎಂಬ ಯೂನಿಕೋಡ್ ಫಾಂಟೂ ಬಂತು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಈಚಿನ ಆವೃತ್ತಿಗಳಲ್ಲೂ ಯೂನಿಕೋಡ್ ಇದೆ. ಆದರೂ ಡಿಟಿಪಿ ಅಂಗಡಿಗಳಲ್ಲಿ ಹಳೆಯ ಫಾಂಟುಗಳು ಬಿಟ್ಟುಹೋಗಿಲ್ಲ. ಪುಟವಿನ್ಯಾಸದ ಹಳೆಯ ತಂತ್ರಾಂಶಗಳು ಕನ್ನಡ ಯೂನಿಕೋಡಿನ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುತ್ತಿರಲಿಲ್ಲ, ಕೈ ಆ ಕೀಲಿಮಣೆಗೆ ಪಳಗಿಬಿಟ್ಟಿದೆ, ಹಳೆಯ ಕಡತಗಳೆಲ್ಲ ಅದರಲ್ಲೇ ಇವೆ.

ಇದರ ಪರಿಣಾಮ ಪ್ರಿಂಟಿಗಷ್ಟೇ ಮುಗಿಯುವುದಿಲ್ಲ. ಯುಜಿಸಿಯ 2018ರ ನಿಯಮಾವಳಿ ಪ್ರಕಾರ ಪ್ರಬಂಧಗಳನ್ನು ಕೃತಿಚೌರ್ಯ ಪತ್ತೆ ತಂತ್ರಾಂಶದಲ್ಲಿ ಹಾಯಿಸಬೇಕು. ಹೋಲಿಕೆ ಶೇ 10ರೊಳಗಿದ್ದರೆ ದಂಡವಿಲ್ಲ. ಹಳೆಯ ಫಾಂಟಿನ ಪ್ರಬಂಧವನ್ನು ಹಾಗೇ ಹಾಕಿದರೆ ತಂತ್ರಾಂಶ ಓದುವುದು ಕನ್ನಡವನ್ನಲ್ಲ, ಆ ಗೀಚನ್ನು. ಪಿಎಚ್‌.ಡಿ. ಪ್ರಬಂಧಗಳು ಇನ್‌ಫ್ಲಿಬ್‌ನೆಟ್‌ನ ಶೋಧಗಂಗಾ ಭಂಡಾರಕ್ಕೆ ಹೋಗುತ್ತವೆ. ಅಲ್ಲಿ ಹಳೆಯ ಫಾಂಟಿನ ಪ್ರಬಂಧವನ್ನು ಕಣ್ಣಿನಿಂದ ಓದಬಹುದು, ಕನ್ನಡ ಪದ ಕೊಟ್ಟು ಅದರೊಳಗೆ ಹುಡುಕಲಾಗದು. ನಾಲ್ಕೈದು ವರ್ಷದ ದುಡಿಮೆ ಹುಡುಕುವವರ ಕಣ್ಣಿಗೇ ಬೀಳದೆ ಕೂರುತ್ತದೆ.

ಪ್ರಿಂಟಿಗೆ ಅಷ್ಟೇಕೆ ದುಡ್ಡು?

'ಜೆರಾಕ್ಸ್' ಎಂಬ ಪದವನ್ನು ನಾವು ಕನ್ನಡದ್ದೇ ಮಾಡಿಕೊಂಡಿದ್ದೇವೆ. ಅದರ ಹಿಂದಿನ ವಿಜ್ಞಾನ ಸ್ವಾರಸ್ಯವಾಗಿದೆ. ಅಮೆರಿಕದ ಚೆಸ್ಟರ್ ಕಾರ್ಲ್‌ಸನ್ 1938ರ ಅಕ್ಟೋಬರ್ 22ರಂದು ಮೊದಲ ಬಾರಿಗೆ ಈ ರೀತಿಯಲ್ಲಿ ಪ್ರತಿ ತೆಗೆದರು. ಯಂತ್ರದೊಳಗಿನ ಉರುಳೆಗೆ ಸ್ಥಿರ ವಿದ್ಯುತ್ತಿನ ಆವೇಶ ಕೊಟ್ಟು, ಮೂಲ ಪುಟದಿಂದ ಪ್ರತಿಫಲಿಸಿದ ಬೆಳಕನ್ನು ಅದರ ಮೇಲೆ ಬೀಳಿಸಲಾಗುತ್ತದೆ. ಬೆಳಕು ಬಿದ್ದ ಕಡೆ ಆವೇಶ ಹೋಗುತ್ತದೆ, ಅಕ್ಷರವಿದ್ದ ಕಡೆ ಉಳಿಯುತ್ತದೆ. ಉಳಿದ ಕಡೆಗೆ ಟೋನರ್ ಪುಡಿ ಅಂಟಿಕೊಂಡು, ಅಲ್ಲಿಂದ ಕಾಗದಕ್ಕೆ ದಾಟುತ್ತದೆ. ತಲೆಗೂದಲಿಗೆ ಉಜ್ಜಿದ ಬಾಚಣಿಗೆ ಕಾಗದದ ಚೂರನ್ನು ಎಳೆಯುತ್ತದಲ್ಲ, ಅದೇ ಸೂತ್ರ. ಟೋನರ್ ಶಾಯಿಯಲ್ಲ, ಬಹುಪಾಲು ಪ್ಲಾಸ್ಟಿಕ್ ಪುಡಿ. ಅದನ್ನು ಸುಮಾರು 200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕರಗಿಸಿ ಕಾಗದಕ್ಕೆ ಒತ್ತಲಾಗುತ್ತದೆ. ಯಂತ್ರದಿಂದ ಬಂದ ಹಾಳೆ ಬೆಚ್ಚಗಿರುವುದು ಅದಕ್ಕೇ. ಲೇಸರ್ ಪ್ರಿಂಟರ್ ಕೂಡ ಇದೇ ತತ್ವದ್ದು. ಬೆಳಕು ಮಾತ್ರ ಮೂಲ ಪುಟದಿಂದ ಬರದೆ ಕಂಪ್ಯೂಟರ್ ಹೇಳಿದಂತೆ ಲೇಸರಿನಿಂದ ಬರುತ್ತದೆ.

ಮನೆಗೆ ತರುವ ಅಗ್ಗದ ಇಂಕ್‌ಜೆಟ್ ಪ್ರಿಂಟರ್ ಬೇರೆ ಜಾತಿ. ಅದರಲ್ಲಿರುವುದು ದ್ರವರೂಪದ ಶಾಯಿ. ತಿಂಗಳಿಗೊಮ್ಮೆ ನಾಲ್ಕು ಪುಟ ತೆಗೆಯುವ ಮನೆಯಲ್ಲಿ, ಅದರಲ್ಲೂ ಬಳ್ಳಾರಿಯ ಬೇಸಿಗೆಯಲ್ಲಿ, ಶಾಯಿ ಸೂಜಿಮೊನೆಯಂಥ ರಂಧ್ರಗಳಲ್ಲೇ ಒಣಗಿ ಕೂರುತ್ತದೆ. ಪ್ರಿಂಟರ್ ಅಗ್ಗ, ಕಾರ್ಟ್ರಿಜ್ ದುಬಾರಿ ಎನ್ನುವುದು ತಂದವರಿಗೆಲ್ಲ ಆಮೇಲೆ ತಿಳಿಯುವ ಸತ್ಯ. ಹೆಚ್ಚು ಜನ ಹಂಚಿಕೊಂಡು ಬಳಸಿದಷ್ಟೂ ಲೇಸರ್ ಯಂತ್ರ ಅಗ್ಗವಾಗುತ್ತದೆ. ಹಾಗಾಗಿ ಪ್ರತಿ ವಿದ್ಯಾರ್ಥಿಗೆ ಒಂದು ಪ್ರಿಂಟರ್ ಬೇಕಿಲ್ಲ, ಆವರಣಕ್ಕೆ ಕೆಲವು ಇದ್ದರೆ ಸಾಕು.

'ಈ ಕಾರ್ಟ್ರಿಜ್‌ನಲ್ಲಿ 1,500 ಪುಟ ಬರುತ್ತದೆ' ಎಂದು ಡಬ್ಬದ ಮೇಲೆ ಬರೆದಿದ್ದರೂ ಅಂಗಡಿಯವರಿಗೆ ಅಷ್ಟು ಬರುವುದಿಲ್ಲ. ಕಪ್ಪು ಟೋನರಿನ ಪುಟ ಲೆಕ್ಕವನ್ನು ಐಎಸ್‌ಒ 19752 ಎಂಬ ಅಂತರರಾಷ್ಟ್ರೀಯ ಮಾನದಂಡದಂತೆ ಹಾಕುತ್ತಾರೆ. ಅದರ ಪರೀಕ್ಷಾ ಪುಟದಲ್ಲಿ ಟೋನರ್ ಬೀಳುವುದು ಪುಟದ ಸುಮಾರು ಶೇ 5ರಷ್ಟು ಜಾಗದಲ್ಲಿ, ಅಂದರೆ ಒಂದು ಚಿಕ್ಕ ಪತ್ರದಷ್ಟು. ಕೋಷ್ಟಕ, ನಕ್ಷೆ, ಫೋಟೊ ತುಂಬಿದ ಪ್ರಬಂಧದ ಪುಟ ಇದರ ಎಷ್ಟೋ ಪಟ್ಟು ಟೋನರ್ ತಿನ್ನುತ್ತದೆ. 'ಫೋಟೊ ಪುಟಕ್ಕೆ ಜಾಸ್ತಿ ಆಗ್ತದೆ' ಎಂದು ಅಂಗಡಿಯಲ್ಲಿ ಹೇಳಿದರೆ ಜಗಳಕ್ಕೆ ನಿಲ್ಲಬೇಡಿ, ಅದರಲ್ಲಿ ನ್ಯಾಯವಿದೆ.

ವಿದ್ಯಾರ್ಥಿಯ ಕಡೆಯಿಂದ ಲೆಕ್ಕ ಹಾಕೋಣ. 80 ಪುಟದ ಕಿರುಪ್ರಬಂಧ, ಪುಟಕ್ಕೆ 2 ರೂಪಾಯಿ, ನಾಲ್ಕು ಪ್ರತಿ ಎಂದಿಟ್ಟುಕೊಳ್ಳಿ. 640 ರೂಪಾಯಿ ಆಯಿತು. ಪ್ರತಿಯೊಂದಕ್ಕೆ 150 ರೂಪಾಯಿಯ ಬೈಂಡಿಂಗ್ ಎಂದರೆ ಇನ್ನೊಂದು 600. ಮಾರ್ಗದರ್ಶಕರು ತಿದ್ದಲು ಒಂದು ಕರಡು ಪ್ರತಿಗೆ 160. ಒಟ್ಟು 1,400 ರೂಪಾಯಿ. ಟೈಪಿಂಗ್ ಕೂಡ ಹೊರಗೆ ಮಾಡಿಸಿದರೆ ಇದರ ಮೇಲೆ ಇನ್ನಷ್ಟು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಿರುಗುಪ್ಪದ ಹುಡುಗಿ ಐವತ್ತು ಕಿಲೋಮೀಟರಿಗೂ ಹೆಚ್ಚು ದೂರದಿಂದ ಟಿಕೆಟ್ ದುಡ್ಡಿಲ್ಲದೆ ಬಳ್ಳಾರಿಗೆ ಬಂದು ಹೋಗಬಲ್ಲಳು. ಆದರೆ ಪ್ರಬಂಧ ಸಲ್ಲಿಸುವ ವಾರ ಮನೆಯಲ್ಲಿ ಸಾವಿರದ ಮೇಲೆ ಕೇಳಬೇಕಾಗುತ್ತದೆ. ಈ ಖರ್ಚು ಶುಲ್ಕದ ರಸೀದಿಯಲ್ಲಿ ಎಲ್ಲೂ ಕಾಣುವುದಿಲ್ಲ.

ಪುಸ್ತಕ ಜೆರಾಕ್ಸ್ ಮಾಡಿಸಿದರೆ ಅಪರಾಧವೇ?

ಪಠ್ಯಕ್ಕೆ ಬೇಕಾದ ಅಧ್ಯಾಯಗಳ ಪ್ರತಿ ತೆಗೆಸುವುದು ಕಾನೂನುಬಾಹಿರ ಎಂದು ನಂಬಿದವರು ಬಹಳ. ಇದೇ ಪ್ರಶ್ನೆ ದೆಹಲಿ ಹೈಕೋರ್ಟಿಗೆ ಹೋಗಿತ್ತು. ದೆಹಲಿ ವಿಶ್ವವಿದ್ಯಾಲಯದ ಆವರಣದ ರಾಮೇಶ್ವರಿ ಫೋಟೊಕಾಪಿ ಎಂಬ ಅಂಗಡಿಯ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶನ ಸಂಸ್ಥೆಗಳು 2012ರಲ್ಲಿ ದಾವೆ ಹೂಡಿದವು. ವಿಶ್ವವಿದ್ಯಾಲಯವನ್ನೂ ಪ್ರತಿವಾದಿ ಮಾಡಿದ್ದವು. 2016ರ ಸೆಪ್ಟೆಂಬರ್ 16ರಂದು ಏಕಸದಸ್ಯ ಪೀಠ ದಾವೆಯನ್ನು ವಜಾ ಮಾಡಿತು. ಅದೇ ಡಿಸೆಂಬರ್‌ನಲ್ಲಿ ವಿಭಾಗೀಯ ಪೀಠವೂ, ಕೆಲವು ಅಂಶ ಮತ್ತೆ ಪರಿಶೀಲಿಸಬೇಕು ಎಂದರೂ, ಬೋಧನೆಯ ಸಲುವಾಗಿ ಅಗತ್ಯವಿರುವಷ್ಟು ಭಾಗದ ಪ್ರತಿ ಮಾಡುವುದು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಡಿ ಉಲ್ಲಂಘನೆಯಲ್ಲ ಎಂದಿತು. 2017ರಲ್ಲಿ ಪ್ರಕಾಶಕರೇ ದಾವೆ ಹಿಂದಕ್ಕೆ ಪಡೆದರು. ಹಾಗೆಂದು ಇಡೀ ಪುಸ್ತಕವನ್ನು ಕದ್ದು ಅಚ್ಚು ಹಾಕಿ ಮಾರಲು ಇದು ಪರವಾನಗಿಯಲ್ಲ. ಪಾಠಕ್ಕೆ, ಸ್ವಂತ ಅಧ್ಯಯನಕ್ಕೆ ಬೇಕಾದ ಭಾಗ ಎನ್ನುವುದೇ ಇಲ್ಲಿ ಮುಖ್ಯ. ಕನ್ನಡದ ಸಣ್ಣ ಪ್ರಕಾಶಕರ ಪುಸ್ತಕ ಸಿಗುವಂತಿದ್ದರೆ ಕೊಂಡುಕೊಳ್ಳುವುದೇ ಸರಿ ಎನ್ನುವುದು ನಮ್ಮ ಅಭಿಪ್ರಾಯ.

ಪ್ರಿಂಟೇ ಬೇಡದ ಕಡೆ ಪ್ರಿಂಟ್

ಅಂಗಡಿಯ ಸಾಲಿನಲ್ಲಿ ನಿಂತವರೆಲ್ಲ ಪ್ರಬಂಧದವರಲ್ಲ. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಆಧಾರ್, ಅಂಕಪಟ್ಟಿ, ಈ ಭಾಗದವರಾದರೆ 371(ಜೆ) ಅರ್ಹತಾ ಪತ್ರ ಇವುಗಳ ಪ್ರತಿಗಾಗಿ ಬಂದವರೂ ಇರುತ್ತಾರೆ. ಇದರಲ್ಲಿ ಒಂದಷ್ಟು ಅನಗತ್ಯ. ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರಗಳಲ್ಲಿ ಆರ್‌ಡಿ ಸಂಖ್ಯೆ ಇರುತ್ತದೆ. ಎಸ್‌ಎಸ್‌ಪಿ ಪೋರ್ಟಲ್ ಕೇಳುವುದು ಆ ಸಂಖ್ಯೆಯನ್ನು. ಅದನ್ನು ಹಾಕಿದರೆ ಪ್ರಮಾಣಪತ್ರ ನಿಜವೇ ಎಂದು ವ್ಯವಸ್ಥೆಯೇ ತಾಳೆ ನೋಡುತ್ತದೆ. 2015ರಲ್ಲಿ ಬಂದ ಡಿಜಿಲಾಕರ್‌ನಲ್ಲಿ ಸಂಬಂಧಪಟ್ಟ ಇಲಾಖೆಯೇ ನೀಡಿದ ದಾಖಲೆಗೆ ಮೂಲ ಕಾಗದದಷ್ಟೇ ಮಾನ್ಯತೆಯಿದೆ. ಇಲ್ಲಿ ಒಂದು ಗೊಂದಲ ಬೇಡ: ನಾವೇ ಫೋಟೊ ತೆಗೆದು ಅದಕ್ಕೆ ಏರಿಸಿದ ಕಡತಕ್ಕೆ ಆ ಮಾನ್ಯತೆ ಇಲ್ಲ.

ಆದರೂ ಆನ್‌ಲೈನ್ ಅರ್ಜಿ ಹಾಕಿ, ಅದರ ಪ್ರಿಂಟ್ ತೆಗೆದು, ದಾಖಲೆಗಳ ಜೆರಾಕ್ಸ್ ಲಗತ್ತಿಸಿ ಕಚೇರಿಗೆ ಕೊಡಿ ಎನ್ನುವ ರೂಢಿ ಎಷ್ಟೋ ಕಡೆ ಮುಂದುವರಿದಿದೆ. ಕಾಗದ ಕೈಯಲ್ಲಿದ್ದರೆ ನಾಳೆ ಪ್ರಶ್ನೆ ಬಂದಾಗ ತೋರಿಸಬಹುದು ಎಂಬ ಗುಮಾಸ್ತರ ಭಯ ನಮಗೆ ಅರ್ಥವಾಗುತ್ತದೆ. ಆದರೆ ಆ ಭಯದ ಖರ್ಚು ಬೀಳುವುದು ವಿದ್ಯಾರ್ಥಿಯ ಮೇಲೆ. ಪ್ರಿಂಟಿಂಗ್ ಸೌಲಭ್ಯದ ಬಗ್ಗೆ ಮಾತಾಡುವಾಗ ಯಂತ್ರ ಕೇಳುವುದಕ್ಕೂ ಮೊದಲು 'ಇದನ್ನು ಕಾಗದದಲ್ಲಿ ಕೇಳಲೇಬೇಕೇ?' ಎಂದು ವಿಭಾಗಗಳಲ್ಲಿ ಕೇಳಿಕೊಳ್ಳಬೇಕು.

ಲ್ಯಾಬ್ ಇದೆ, ಬಾಗಿಲು?

ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಕಂಪ್ಯೂಟರ್ ಇಲ್ಲವೇ ಇಲ್ಲ ಎಂದರೆ ಸುಳ್ಳಾಗುತ್ತದೆ. ನ್ಯಾಕ್ ಮೌಲ್ಯಮಾಪನದಲ್ಲಿ ಎಷ್ಟು ವಿದ್ಯಾರ್ಥಿಗಳಿಗೆ ಒಂದು ಕಂಪ್ಯೂಟರ್ ಎಂಬ ಅನುಪಾತವನ್ನೇ ಕೇಳುತ್ತಾರೆ. ಆದರೆ ಅನುಪಾತ ಎಣಿಸುವುದು ಯಂತ್ರಗಳನ್ನು. ಆ ಕೋಣೆಯ ಬಾಗಿಲು ದಿನಕ್ಕೆ ಎಷ್ಟು ಗಂಟೆ ತೆರೆದಿರುತ್ತದೆ, ಇತಿಹಾಸ ವಿಭಾಗದ ವಿದ್ಯಾರ್ಥಿ ಗಣಕ ವಿಜ್ಞಾನ ವಿಭಾಗದ ಲ್ಯಾಬಿಗೆ ಹೋಗಬಹುದೇ, ಅಲ್ಲಿ ಕನ್ನಡ ಯೂನಿಕೋಡ್ ಕೀಲಿಮಣೆ ಹಾಕಿದ್ದಾರೆಯೇ ಎಂಬುದು ಆ ಅಂಕಿಯಲ್ಲಿ ಕಾಣುವುದಿಲ್ಲ. ಕುರುಗೋಡಿನಿಂದ ಬಸ್ಸಿನಲ್ಲಿ ಬರುವ ಹುಡುಗನಿಗೆ ತರಗತಿ ಮುಗಿಯುವ ಹೊತ್ತು ಮತ್ತು ಬಸ್ಸಿನ ಹೊತ್ತಿನ ನಡುವೆ ಸಿಗುವ ಒಂದು ಗಂಟೆಯಲ್ಲಿ ಲ್ಯಾಬ್ ತೆರೆದಿದೆಯೇ ಎನ್ನುವುದೇ ನಿಜವಾದ ಲೆಕ್ಕ.

2025ರ ಜನವರಿಯಿಂದ ಜಾರಿಯಾದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಯ ಕಾರಣದಿಂದ ಈ ಒಂದು ಗಂಟೆ ಇನ್ನಷ್ಟು ಮುಖ್ಯವಾಗಿದೆ. 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳನ್ನು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆದಿಡಲು ಕೇಂದ್ರ ಸರ್ಕಾರ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟಿದೆ. ಒಳ್ಳೆಯ ಯೋಜನೆ. ಆದರೆ ಎರಡು ಅಂಕಣದಲ್ಲಿ ಅಚ್ಚಾದ ಇಪ್ಪತ್ತು ಪುಟದ ಲೇಖನವನ್ನು ಫೋನಿನಲ್ಲಿ ಹಿಗ್ಗಿಸಿ, ಸರಿಸಿ, ಮತ್ತೆ ಹಿಗ್ಗಿಸಿ ಎಷ್ಟು ಜನ ಓದುತ್ತಾರೆ?

ಇದನ್ನು ಬೇರೆಯವರು ಹೇಗೆ ಬಗೆಹರಿಸಿದರು ಎನ್ನುವುದಕ್ಕೆ ಒಂದು ಹಳೆಯ ಉದಾಹರಣೆಯಿದೆ. ಅಮೆರಿಕದ ಎಂಐಟಿಯಲ್ಲಿ 1983ರಲ್ಲಿ ಅಥೀನಾ ಎಂಬ ಯೋಜನೆ ಶುರುವಾಯಿತು. ಎಲ್ಲ ವಿಭಾಗದ ವಿದ್ಯಾರ್ಥಿಗಳೂ ಆವರಣದ ಯಾವುದೇ ಕಂಪ್ಯೂಟರಿನ ಮುಂದೆ ಕೂತು ತಮ್ಮ ಹೆಸರು, ಗುಟ್ಟುಪದ ಕೊಟ್ಟರೆ ಅವರದೇ ಕಡತಗಳು ಅಲ್ಲಿ ತೆರೆಯಬೇಕು, ಜಾಲದಲ್ಲಿರುವ ಪ್ರಿಂಟರಿಗೆ ಕಳಿಸಲೂ ಆಗಬೇಕು ಎಂಬುದು ಅದರ ಆಲೋಚನೆ. ಯಾರು ಯಾರೆಂದು ಗುರುತಿಸಲು ಅಲ್ಲಿ ರೂಪಿಸಿದ ಕರ್ಬೆರೋಸ್ ಎಂಬ ವಿಧಾನ ಇಂದಿಗೂ ಕಚೇರಿಗಳ ಕಂಪ್ಯೂಟರ್ ಜಾಲಗಳಲ್ಲಿ ಬಳಕೆಯಲ್ಲಿದೆ. ಆಗಿನ ಅವರ ಬಜೆಟ್ ನಮ್ಮದಲ್ಲ. ಆದರೆ ಇಂದು ಗ್ರಂಥಾಲಯದ ಒಂದು ಮೂಲೆಯಲ್ಲಿ ಹತ್ತು ಕಂಪ್ಯೂಟರ್, ಒಂದು ಲೇಸರ್ ಪ್ರಿಂಟರ್, ಪುಟಕ್ಕಿಷ್ಟು ಎಂದು ಯುಪಿಐ ಮೂಲಕ ಹಣ ಪಡೆಯುವ ಏರ್ಪಾಡು, ಸಂಜೆವರೆಗೆ ಬಾಗಿಲು ತೆರೆದಿಡಲು ಒಬ್ಬ ಸಹಾಯಕ ಇದ್ದರೆ ಕೆಲಸದ ಬಹುಭಾಗ ಆಗುತ್ತದೆ. ಬಿಟ್ಟಿಯಾಗಿ ಕೊಡಬೇಕೆಂದೇನಿಲ್ಲ. ತೀರಾ ಬಿಟ್ಟಿಯಾದರೆ ಬೇಡದ್ದೆಲ್ಲ ಪ್ರಿಂಟ್ ಆಗುತ್ತದೆ ಎನ್ನುವ ಆತಂಕದಲ್ಲೂ ಹುರುಳಿದೆ. ತಿಂಗಳಿಗೆ ಕೆಲವು ಪುಟ ಉಚಿತ, ಆಮೇಲೆ ಹೊರಗಿನ ದರಕ್ಕಿಂತ ಕಡಿಮೆ ಎಂದರೂ ಸಾಕು.

ಅಲ್ಲಿಯವರೆಗೆ ಅಂಗಡಿಗೆ ಹೋಗುವವರಿಗೆ

ಪ್ರಬಂಧವನ್ನು ಯೂನಿಕೋಡ್‌ನಲ್ಲೇ ಬರೆಯಿರಿ, ಅಂಗಡಿಗೆ ಪಿಡಿಎಫ್ ಮಾಡಿಯೇ ತೆಗೆದುಕೊಂಡು ಹೋಗಿ. ಪಿಡಿಎಫ್‌ನಲ್ಲಿ ಫಾಂಟ್ ಕಡತದ ಒಳಗೇ ಕೂರುವುದರಿಂದ ಅಲ್ಲಿನ ಯಂತ್ರದಲ್ಲಿ ಯಾವ ಫಾಂಟ್ ಇದೆ ಎಂಬ ಚಿಂತೆ ಇರುವುದಿಲ್ಲ. ಪುಟದ ಅಳತೆ ಎ4 ಇದೆಯೇ ನೋಡಿಕೊಳ್ಳಿ. ವರ್ಡ್‌ನಲ್ಲಿ ಕೆಲವೊಮ್ಮೆ ಅಮೆರಿಕದ ಲೆಟರ್ ಅಳತೆ ಕೂತಿರುತ್ತದೆ. ಅದು ಎ4ಗಿಂತ 18 ಮಿಲಿಮೀಟರ್ ಗಿಡ್ಡ, ಹಾಗಾಗಿ ಅಳತೆ ಬದಲಾದ ಕೂಡಲೇ ಪುಟಸಂಖ್ಯೆಗಳೆಲ್ಲ ಸರಿದು ಪರಿವಿಡಿಗೂ ಒಳಗಿನ ಪುಟಕ್ಕೂ ತಾಳೆಯಾಗುವುದಿಲ್ಲ. ಎಲ್ಲ ಪ್ರತಿ ತೆಗೆಸುವ ಮೊದಲು ಕೋಷ್ಟಕವಿರುವ ಒಂದು ಪುಟ, ತಲೆಬರಹವಿರುವ ಒಂದು ಪುಟ ತೆಗೆಸಿ ನೋಡಿ. ನಾವು ಕಲಿತದ್ದು ದುಡ್ಡು ಕೊಟ್ಟು.

ಪೆನ್‌ಡ್ರೈವ್ ಹಲವು ಕಂಪ್ಯೂಟರುಗಳನ್ನು ಸುತ್ತಿ ಬಂದಮೇಲೆ ಫೋಲ್ಡರುಗಳೆಲ್ಲ ಮಾಯವಾಗಿ ಶಾರ್ಟ್‌ಕಟ್‌ಗಳು ಮಾತ್ರ ಕಂಡರೆ ಗಾಬರಿಯಾಗಬೇಡಿ, ಅದನ್ನು ಫಾರ್ಮ್ಯಾಟ್ ಮಾಡಲೂ ಹೋಗಬೇಡಿ. ಆ ವೈರಸ್ ಸಾಮಾನ್ಯವಾಗಿ ಕಡತಗಳನ್ನು ಅಳಿಸುವುದಿಲ್ಲ, ಅಡಗಿಸುತ್ತದೆ. ಶಾರ್ಟ್‌ಕಟ್ ಒತ್ತದೆ, ಗೊತ್ತಿರುವವರ ಕೈಯಲ್ಲಿ ತೋರಿಸಿ.

ಆಧಾರ್ ಪ್ರತಿ ಬೇಕಾದಾಗ ಮೊದಲ ಎಂಟು ಅಂಕಿ ಮರೆಮಾಡಿದ ಮಾಸ್ಕ್ಡ್ ಆಧಾರ್ ಒಪ್ಪುತ್ತಾರೆಯೇ ಕೇಳಿ. ಪೂರ್ತಿ ಇ-ಆಧಾರ್ ಕಡತಕ್ಕೆ ಗುಟ್ಟುಪದವಿದೆ, ಸುರಕ್ಷಿತ ಎಂದುಕೊಳ್ಳಬೇಡಿ. ಆ ಗುಟ್ಟುಪದ ನಿಮ್ಮ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ವರ್ಷ, ನಿಮ್ಮನ್ನು ಬಲ್ಲವರು ಯಾರಾದರೂ ಊಹಿಸಬಹುದು. ಯುಯುಸಿಎಂಎಸ್, ಇಮೇಲ್ ತೆರೆದಿದ್ದರೆ ಲಾಗೌಟ್ ಮಾಡಿ, ಗುಟ್ಟುಪದ ಉಳಿಸಬೇಕೇ ಎಂದು ಬ್ರೌಸರ್ ಕೇಳಿದರೆ ಬೇಡ ಎನ್ನಿ. ಅಲ್ಲಿ ವಾಟ್ಸ್‌ಆ್ಯಪ್ ವೆಬ್ ತೆರೆದಿದ್ದರೆ ನಿಮ್ಮ ಫೋನಿನ 'ಲಿಂಕ್ಡ್ ಡಿವೈಸಸ್'ಗೆ ಹೋಗಿ ಆ ಕಂಪ್ಯೂಟರನ್ನು ತೆಗೆದುಹಾಕಿ. ಹೊರಡುವ ಮುನ್ನ ಡೌನ್‌ಲೋಡ್ಸ್ ಫೋಲ್ಡರಿನಿಂದ ನಿಮ್ಮ ಕಡತ ಅಳಿಸಿ, ಆಮೇಲೆ ರೀಸೈಕಲ್ ಬಿನ್ನಿನಿಂದಲೂ ತೆಗೆಯಿರಿ. ಬಸ್ಸಿಗೆ ಹೊತ್ತಾಗಿದ್ದರೂ ಇದಕ್ಕೆ ಎರಡು ನಿಮಿಷ ಸಾಕು.